ಆರು ದಿನದ ಶಾಖ

ಬಳ್ಳಾರಿಯಲ್ಲಿ ಬೆವರುವುದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ಮೊದಲ ಒಂದು ತಿಂಗಳು ನಾನೂ ಅನ್ನಲಿಲ್ಲ.

೧೯೫೧ರ ಏಪ್ರಿಲ್. ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚರಿತ್ರೆ ಕಲಿಸುತ್ತಿದ್ದೆ. ಬೋರ್ಡಿನ ಮೇಲೆ ಇಸವಿಗಳನ್ನು ಬರೆಯುತ್ತಿದ್ದಾಗ ಎದೆಯ ನಡುವಿನಿಂದ ಬಿಸಿಯೊಂದು ಎದ್ದು, ಕುತ್ತಿಗೆಗೆ ಏರಿ, ಕಿವಿಗೆ ಬಂದು ನಿಂತಿತು. ಮುಖ ಕೆಂಪಾದದ್ದು ಹುಡುಗಿಯರಿಗೂ ಕಂಡಿತು. ಐದು ನಿಮಿಷಕ್ಕೆ ಅದು ಇಳಿಯಿತು. ನೆನೆದ ರವಿಕೆಯಲ್ಲಿ ನಾನು ಚಳಿಗೆ ನಡುಗುತ್ತಿದ್ದೆ. ಹೊರಗೆ ನೂರಾ ಎಂಟು ಡಿಗ್ರಿ ಬಿಸಿಲು.

ಆಮೇಲೆ ಅದು ದಿನಕ್ಕೆ ಎಂಟು ಹತ್ತು ಸಲ ಬರತೊಡಗಿತು. ಹೊಟ್ಟೆಯೂ ಸರಿಯಿರಲಿಲ್ಲ. ಒಗ್ಗರಣೆಯ ವಾಸನೆಗೆ ವಾಕರಿಕೆ ಬರುತ್ತಿತ್ತು. ಉಂಡ ಅರ್ಧ ಗಂಟೆಗೆ ಹೊಟ್ಟೆ ನುಲಿದು ಹಿತ್ತಲಿಗೆ ಓಡಬೇಕಾಗುತ್ತಿತ್ತು. ನನಗೆ ಆಗ ಇಪ್ಪತ್ತನಾಲ್ಕು ವರ್ಷ. ಮದರಾಸಿನಲ್ಲಿ ಬಿ.ಎ. ಮಾಡಿದ್ದೆ. ಮದುವೆಯಾದ ಎರಡನೆಯ ವರ್ಷ ಗಂಡ ಗುರುರಾಜ ವಿಷಮಜ್ವರದಲ್ಲಿ ತೀರಿಕೊಂಡಿದ್ದ. ಅದಾಗಿ ಒಂದೂವರೆ ವರ್ಷ. ಸತ್ಯನಾರಾಯಣಪೇಟೆಯ ಅವನ ಮನೆಯಲ್ಲಿ ನಾನು, ಅತ್ತೆ ವೆಂಕೂಬಾಯಿ, ಇಬ್ಬರೇ ಇದ್ದೆವು.

ಕಾರಣವನ್ನು ಒಬ್ಬೊಬ್ಬರು ಒಂದೊಂದು ಹೇಳಿದರು. ಬ್ರೂಸ್‌ಪೇಟೆಯ ಪಂಡಿತರು ನಾಡಿ ಹಿಡಿದು ಆಮ್ಲಪಿತ್ತ ಎಂದರು, ಗುಲ್ಕಂದ ಕೊಟ್ಟರು. ಶಾಲೆಯ ಮುಖ್ಯೋಪಾಧ್ಯಾಯಿನಿ ಕ್ರಿಶ್ಚಿಯನ್ ಹೆಂಗಸು, ವಯಸ್ಸಾದವರು. ದುಃಖವನ್ನು ಒಳಗೇ ಇಟ್ಟುಕೊಂಡರೆ ನರಗಳು ಹೀಗೆ ಮಾಡುತ್ತವೆ, ಅತ್ತುಬಿಡಿ ಎಂದರು. ಮಲೇರಿಯಾ ಇರಬಹುದೆಂದು ಮೂರು ದಿನ ಕ್ವಿನೈನ್ ನುಂಗಿದೆ. ಕಿವಿ ಗುಂಯ್ ಅಂದಿತು, ಬಿಸಿ ಹೋಗಲಿಲ್ಲ. ಪಾತ್ರೆ ತೊಳೆಯುವ ಹೊನ್ನೂರಮ್ಮ ಇವರೆಲ್ಲರಿಗಿಂತ ಖಚಿತವಾಗಿದ್ದಳು.

"ಸಾಲಿಯಿಂದ ಬರೂವಾಗ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸ್ಕೊಂಡು ಬರ್ತೀಯವ್ವ. ಹೊಟ್ಟ್ಯಾಗ ಬೆಂಕಿ ಬೀಳಲಾರದ ಮಳಿ ಬೀಳತೈತೇನು?"

"ತಿಂಗಳಿಗೊಮ್ಮೆ ತಿಂತೀನಿ ಹೊನ್ನೂರಮ್ಮ."

"ನಾ ನೋಡಿದ್ದು ತಿಂಗಳಿಗೊಮ್ಮೆ. ನೋಡಲಾರದ್ದು ಎಷ್ಟೋ."

ಇವರಲ್ಲಿ ಯಾರೂ ಫೆಬ್ರವರಿಯ ಶಾಖದ ಬಗ್ಗೆ ಕೇಳಲಿಲ್ಲ. ಅದು ಮುಗಿದ ಮಾತೆಂದುಕೊಂಡು ನಾನೂ ಹೇಳಲಿಲ್ಲ.

ಗುರುರಾಜ ಹೋದ ಮೇಲೆ ನನ್ನ ಮುಟ್ಟು ಕೆಟ್ಟಿತ್ತು. ಹತ್ತು ದಿನ, ಹನ್ನೆರಡು ದಿನ ರಕ್ತ ನಿಲ್ಲುತ್ತಿರಲಿಲ್ಲ. ಒಂದು ಸಲ ಶಾಲೆಯ ಮೆಟ್ಟಿಲ ಮೇಲೆ ಬಿದ್ದೆ. ಸುದ್ದಿ ತಿಳಿದು ಅಪ್ಪ ಸಿರುಗುಪ್ಪದಿಂದ ಬಂದರು. ಹಳೆಯ ಕಂಟೋನ್ಮೆಂಟ್ ಕಡೆ ಮನೆ ಮಾಡಿದ್ದ ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಅವರು ಮದರಾಸಿನಿಂದ ವಿದ್ಯುತ್ತಿನ ದೊಡ್ಡ ಯಂತ್ರ ತರಿಸಿದ್ದರು. ಅಪ್ಪನೂ ಡಾಕ್ಟರರೂ ಒಳಗೆ ಬಾಗಿಲು ಹಾಕಿಕೊಂಡು ಮಾತಾಡಿದರು. ಹೊರಗೆ ಬಂದು ಅಪ್ಪ, "ಒಳಗ ಊತ ಅದ ಅಂತ. ಆರು ದಿನ ಶಾಖ ಕೊಟ್ರ ಸರಿಹೋಗ್ತದ" ಎಂದರು.

ಆರು ದಿನವೂ ನನ್ನನ್ನು ಮೇಜಿನ ಮೇಲೆ ಮಲಗಿಸಿ, ಮೈಮೇಲೆ ಸೀಸದ ಹಾಳೆ ಹೊದಿಸಿ, ಕಿಬ್ಬೊಟ್ಟೆಯ ಹತ್ತಿರ ಮಾತ್ರ ಅಂಗೈಯಷ್ಟು ಜಾಗ ಬಿಡುತ್ತಿದ್ದರು. ಯಂತ್ರ ಗುನುಗುತ್ತಿತ್ತು. ಬಿಸಿ ಏನೂ ತಾಗುತ್ತಿರಲಿಲ್ಲ. "ಶಾಖ ಅಂತೀರಿ, ಬಿಸಿನೇ ಇಲ್ಲವಲ್ಲ" ಎಂದು ಅಲ್ಲಿದ್ದ ನರ್ಸನ್ನು ಕೇಳಿದೆ. ಆಕೆ ಹಾಳೆಯ ಅಂಚು ಸರಿಮಾಡಿದಳು. ಪ್ರತಿದಿನ ಮನೆಗೆ ಬರುವಾಗ ಜಟಕಾದಲ್ಲೇ ವಾಂತಿಯಾಗುತ್ತಿತ್ತು. ಅಪ್ಪ ನನ್ನ ಹಣೆ ಹಿಡಿದುಕೊಳ್ಳುತ್ತಿದ್ದರು.

ಅಪ್ಪನ ಹೆಸರು ಗೋಪಾಲಕೃಷ್ಣರಾಯರು. ಸಿರುಗುಪ್ಪದಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅಮ್ಮ ನಾನು ಚಿಕ್ಕವಳಿರುವಾಗಲೇ ಹೋಗಿದ್ದಳು. ನನ್ನನ್ನು ಮದರಾಸಿಗೆ ಓದಲು ಕಳಿಸಿದಾಗ ಜನ ಅವರ ಮನೆಗೆ ಬರುವುದನ್ನು ನಿಲ್ಲಿಸಿದ್ದರು. ಗುರುರಾಜ ಸತ್ತ ಹತ್ತನೆಯ ದಿನ ಕ್ಷೌರಿಕನನ್ನು ಕರೆಸುವ ಮಾತು ಬಂದಾಗ ಅಪ್ಪ ಬಾಗಿಲಲ್ಲಿ ನಿಂತು, "ನನ್ನ ಮಗಳ ತಲಿ ಮುಟ್ಟೋರು ಮೊದಲು ನನ್ನನ್ನ ದಾಟ್ರಿ" ಎಂದಿದ್ದರು. ಯಾರೂ ದಾಟಲಿಲ್ಲ. ತಲೆ ಬೋಳಿಸಿಕೊಂಡು ಕೆಂಪು ಸೀರೆಯಲ್ಲಿ ಮೂವತ್ತು ವರ್ಷ ಕಳೆದ ನನ್ನ ಅತ್ತೆ ಆಗ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಶಾಲೆಯ ಕೆಲಸವನ್ನೂ ಅಪ್ಪನೇ ಕೊಡಿಸಿದರು. ಈ ಲೋಕದಲ್ಲಿ ನನ್ನ ಕಡೆಗೆ ಒಬ್ಬರಿದ್ದಾರೆ ಎಂದರೆ ಅದು ಅವರು ಎಂದು ನಾನು ತಿಳಿದಿದ್ದೆ.

ಜೂನಿನಲ್ಲಿ ಶಾಲೆ ತೆರೆದಾಗ ಪ್ರಾಣೇಶ ಬಂದ. ಗಂಡುಮಕ್ಕಳ ಶಾಲೆಯ ವಿಜ್ಞಾನದ ಮೇಷ್ಟರು. ನಮ್ಮಲ್ಲಿ ವಿಜ್ಞಾನಕ್ಕೆ ಹೆಂಗಸರು ಸಿಗದೆ ಸೋಮವಾರ, ಗುರುವಾರ ಅವನನ್ನು ಕರೆಸುತ್ತಿದ್ದರು. ಅಪ್ಪನ ಶಿಷ್ಯ, ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದ. ಒಂದು ಗುರುವಾರ, ಮುಖ್ಯೋಪಾಧ್ಯಾಯಿನಿ ಅಲ್ಲೇ ಕೂತು ಸ್ವೆಟರ್ ಹೆಣೆಯುತ್ತಿದ್ದಾಗ, ತೆರೆದ ಬಾಗಿಲ ಹತ್ತಿರ ನಿಂತು ನನಗೆ ಹೇಳಿದ.

"ನಿಮ್ಮನ್ನ ಮದುವೆ ಆಗಬೇಕು ಅಂತ ಅದ ನನಗ. ಮೇಷ್ಟ್ರಿಗೂ ಬರದೀನಿ."

ನಾನು ಕೈಯಲ್ಲಿದ್ದ ಪುಸ್ತಕಗಳನ್ನು ಮೇಜಿನ ಮೇಲಿಟ್ಟೆ. ಅವನು ಮುಂದುವರಿಸಿದ.

"ನಮ್ಮ ಅವ್ವ ಒಬ್ಬಾಕಿ ಮನಿಯಾಗ. ಮಾತಾಡೋರಿಲ್ಲ ಅಂತ ಗೋಡಿ ಜೊತಿ ಜಗಳ ಆಡ್ತಾಳ. ಮನಿ ತುಂಬ ಹುಡುಗರು ಇರಬೇಕು ನೋಡ್ರಿ. ಅಪ್ಪನ ಹತ್ರ ಲೆಕ್ಕ, ಅವ್ವನ ಹತ್ರ ಚರಿತ್ರೆ. ಟ್ಯೂಷನ್ ಮೇಷ್ಟ್ರಿಗೆ ನಮ್ಮ ಓಣ್ಯಾಗ ಕೆಲಸ ಇರಬಾರದು."

ಮುಖ್ಯೋಪಾಧ್ಯಾಯಿನಿ ಕನ್ನಡಕದ ಮೇಲಿಂದ ನೋಡಿದರು. ನಾನು ನಕ್ಕೆ. ನಕ್ಕು ಎಷ್ಟು ಕಾಲವಾಗಿತ್ತೋ.

ನನಗೆ ಆ ಮದುವೆ ಬೇಕಿತ್ತು. ಮಕ್ಕಳೂ ಬೇಕಿದ್ದವು. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ, ಏಕೆಂದರೆ ಆಗ ಯಾರಿಗೂ ಹೇಳಿರಲಿಲ್ಲ. ಅಪ್ಪನಿಗೆ ಬರೆದೆ. ಉತ್ತರ ಬಂತು: ಆತುರ ಬೇಡ, ಮೊದಲು ಮೈ ಸುಧಾರಿಸಲಿ, ದಸರಾ ಕಳೆಯಲಿ. ಎಷ್ಟು ತಿಳಿದವರು ಎಂದುಕೊಂಡೆ. ಮೈ ಸುಧಾರಿಸಿದರೆ ಒಪ್ಪಿಗೆ ಹೇಳುವುದೆಂದು ನಿಶ್ಚಯಿಸಿದೆ. ಆದರೆ ಅದು ಸುಧಾರಿಸಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದಾಗ ಅತ್ತೆ ಬಂದು ಹಿಂದೆ ನಿಂತರು. ಮಡಿಯಲ್ಲಿದ್ದರು. ನಾಲ್ಕು ಮಾರು ದೂರದಿಂದಲೇ ಕೇಳಿದರು.

"ನೀ ಹೊರಗ ಕೂತು ಎಷ್ಟು ದಿನ ಆತು?"

ನಮ್ಮಂಥ ಮನೆಗಳಲ್ಲಿ ಮುಟ್ಟಾದವಳು ಮೂರು ದಿನ ಹಿತ್ತಲ ಕೋಣೆಯಲ್ಲಿ ಕೂಡಬೇಕು. ಅದನ್ನು ಮುಚ್ಚಿಡಲು ಬರುವುದಿಲ್ಲ. ಯಾರು ಯಾವಾಗ ಕೂತರು ಎಂಬುದು ಅತ್ತೆಗೆ ಏಕಾದಶಿಗಳ ಜೊತೆಗೇ ನೆನಪಿರುತ್ತಿತ್ತು.

"ಮಾಘ ಏಕಾದಶಿ ಮಾರನೇ ದಿನ ಕೂತಿದ್ದಿ. ಅಲ್ಲಿಂದ ಇಲ್ಲ," ಎಂದು ಅವರೇ ಹೇಳಿದರು. "ಫಾಲ್ಗುಣ, ಚೈತ್ರ, ವೈಶಾಖ, ಜ್ಯೇಷ್ಠ, ಆಷಾಢ. ಡಾಕ್ಟರು ಕೊಟ್ಟ ಶಾಖಕ್ಕ ನಿಂತದ ಅಂತ ನಾನೂ ಸುಮ್ಮನಿದ್ದೆ. ಈಗ ವಾಂತಿ, ಮುಖ ಕೆಂಪು. ಸಾಲಿಯಾಗ ಅವ ಯಾರೋ ಗಂಡು ಮೇಷ್ಟರು ಬರ್ತಾನಂತ."

"ಅತ್ಯಾ, ಅಂಥದ್ದು ಏನೂ ಇಲ್ಲ. ಶಾಖಕ್ಕೆ ನಿಂತದ್ದು, ತಿರುಗಿ ಬರುತ್ತದೆ."

"ಇಲ್ಲ ಅಂದ್ರ ಛಲೋ. ನಿಮ್ಮ ಅಪ್ಪ ಬರಲಿ. ಅವರ ಮುಂದ ಹೇಳು."

ಕಾಗದ ಹೋಯಿತು, ಅಪ್ಪ ಬಂದರು. ಪಡಸಾಲೆಯಲ್ಲಿ ಕೂತು ಅತ್ತೆಯ ಮಾತನ್ನೆಲ್ಲ ಕೇಳಿದರು. ಹೊನ್ನೂರಮ್ಮ ಹಿತ್ತಲಲ್ಲಿ ಒಂದೇ ತಂಬಿಗೆಯನ್ನು ಬಹಳ ಹೊತ್ತು ತಿಕ್ಕುತ್ತಿದ್ದಳು.

"ನನ್ನ ಮಗಳ ಮ್ಯಾಲೆ ನನಗ ನಂಬಿಕೆ ಅದ," ಎಂದರು ಅಪ್ಪ.

"ನಂಬಿಕೆ ಇರಲಿ ಬೀಗರ. ಒಂದು ಮಾತು ಆಕೀನ್ನ ಕೇಳ್ರಿ."

"ಕೇಳೋ ಅವಶ್ಯ ಇಲ್ಲ."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಂಬದ ಹಿಂದೆ ನಿಂತಿದ್ದ ನನಗೆ ಕಣ್ಣೀರು ಬಂತು. ಒಂದು ಪ್ರಶ್ನೆಯನ್ನೂ ಕೇಳದೆ ನಂಬುವ ತಂದೆ ಎಷ್ಟು ಜನಕ್ಕೆ ಇರುತ್ತಾರೆ? ಅತ್ತೆ ಮುಖ ಬಿಗಿದುಕೊಂಡು ದೇವರ ಮನೆಗೆ ಹೋದರು.

ಹೊರಡುವಾಗ ಅಪ್ಪ ಬಾಗಿಲ ಹತ್ತಿರ ನನ್ನನ್ನು ಕರೆದು ಮೆಲ್ಲಗೆ ಹೇಳಿದರು. "ಅವರ ಬಾಯಿ ಮುಚ್ಚಿಸಲಿಕ್ಕೆ ತಿಂಗಳಿಗೆ ಮೂರು ದಿನ ಸುಮ್ಮನ ಹೊರಗ ಕೂತುಬಿಡು ತುಳಸಿ. ಯಾರು ಪರೀಕ್ಷಾ ಮಾಡ್ತಾರ?"

ಹಾಗೇ ಮಾಡಿದೆ. ಭಾದ್ರಪದದಲ್ಲಿ ಮೂರು ದಿನ, ಇಲ್ಲದ ಮುಟ್ಟಿಗೆ, ಹಿತ್ತಲ ಕೋಣೆಯಲ್ಲಿ ಕೂತೆ. ಹೊನ್ನೂರಮ್ಮ ದೂರದಿಂದ ತಾಟು ಸರಿಸಿ, "ಅಂತೂ ನಿಮ್ಮ ಅತ್ತಿ ಇವತ್ತು ಹೊಟ್ಟಿತುಂಬ ಉಂಡ್ಲು ಬಿಡವ್ವ" ಎಂದಳು. ಶಾಲೆಯಿಲ್ಲ, ಪುಸ್ತಕ ಮುಟ್ಟುವಂತಿಲ್ಲ. ಗೋಡೆ ನೋಡುತ್ತ ಕೂತವಳಿಗೆ ಎರಡನೆಯ ದಿನ ಮಧ್ಯಾಹ್ನ ಅಪ್ಪನ ಮಾತು ಮತ್ತೆ ಕೇಳಿಸಿತು. ತಿಂಗಳಿಗೆ ಮೂರು ದಿನ. ಈ ತಿಂಗಳು ಎಂದಿರಲಿಲ್ಲ. ಮುಟ್ಟು ತಿರುಗಿ ಬರುವವರೆಗೆ ಎಂದೂ ಇರಲಿಲ್ಲ. ನನಗೆ ಏನಾಗಿದೆ ಎಂದು ಕೇಳದ ಮನುಷ್ಯನಿಗೆ, ಮುಟ್ಟು ಇನ್ನು ಬರುವುದಿಲ್ಲ ಎಂದು ಹೇಗೆ ಗೊತ್ತು?

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ನೇರ ಡಾಕ್ಟರರ ಮನೆಗೆ ಹೋದೆ. ಬೀಗ ಹಾಕಿತ್ತು. ಮೇ ತಿಂಗಳಲ್ಲೇ ಯಂತ್ರ ಸಮೇತ ಮದರಾಸಿಗೆ ಹೋದರಂತೆ. ಎದುರಿನ ಔಷಧಿ ಅಂಗಡಿಯವನು, ಅಲ್ಲಿದ್ದ ನರ್ಸ್ ಕುರುಗೋಡಿನವಳು, ಹೆಸರು ಉಚ್ಚೆಂಗೆಮ್ಮ, ಈಗ ತನ್ನ ಊರಲ್ಲೇ ಹೆರಿಗೆ ಮಾಡಿಸುತ್ತಾಳೆ ಎಂದ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಕುರುಗೋಡಿನ ಬಸ್ಸು ಹತ್ತಿದೆ. ಅತ್ತೆಗೆ ಸಿರುಗುಪ್ಪಕ್ಕೆ ಹೋಗುತ್ತೇನೆ ಎಂದಿದ್ದೆ.

ಉಚ್ಚೆಂಗೆಮ್ಮನ ಮನೆ ಬಂಡೆಗುಡ್ಡದ ಕೆಳಗಿನ ಓಣಿಯಲ್ಲಿತ್ತು. ಆಕೆ ಒಲೆಯ ಮೇಲೆ ಕತ್ತರಿ, ದಾರ ಕುದಿಸುತ್ತಿದ್ದಳು. ನನ್ನನ್ನು ನೋಡಿ ತಕ್ಷಣ ಗುರುತಿಸಿದಳು.

"ಬರ್ರಿ ಟೀಚರಮ್ಮ. ಕುಂದರ್ರಿ. ಬಿಸಲಾಗ ಬಂದೀರಿ, ಮುಖ ನೋಡ್ರಿ ಹೆಂಗಾಗೈತಿ."

"ಇದು ಬಿಸಿಲಿಗೆ ಅಲ್ಲ," ಎಂದೆ. ಎಲ್ಲ ಹೇಳಿದೆ. ಬಿಸಿ, ಬೆವರು, ಹೊಟ್ಟೆ, ನಿಂತುಹೋದ ಮುಟ್ಟು. ಪಂಡಿತರು ಹೇಳಿದ್ದು, ಕ್ವಿನೈನು.

ಆಕೆ ಕೇಳುತ್ತ ಕೇಳುತ್ತ ನಗತೊಡಗಿದಳು. ಕೆಟ್ಟ ನಗು ಅಲ್ಲ. "ಪಿತ್ತನೂ ಅಲ್ಲ, ಸುಡುಗಾಡೂ ಅಲ್ಲ. ಮುಟ್ಟು ನಿಲ್ಲೂ ಬೆಂಕಿ ಇದು. ನಮ್ಮ ಅವ್ವಗ ನಲವತ್ತೇಳಕ್ಕ ಬಂದಿತ್ತು. ನೀರಿನ ಬಾನಿಯಾಗ ತಲಿ ಅದ್ದಿ ಕುಂದರತಿದ್ಲು. ಎರಡು ವರ್ಷ, ಮೂರು ವರ್ಷ ಇರತೈತಿ, ಹೋಗತೈತಿ. ಹೊಟ್ಟಿದು ಬ್ಯಾರೆ. ಅದು ಆ ಎಕ್ಸ್‌ರೇ ಕರುಳಿಗೆ ಹೊಡದಿದ್ದು. ಮಜ್ಜಿಗಿ ಕುಡೀರಿ, ಖಾರ ಬಿಡ್ರಿ."

"ನನಗೆ ಇಪ್ಪತ್ತನಾಲ್ಕು."

ನಗು ನಿಂತಿತು. "ಹೌದಲ್ರಿ. ಗೊತ್ತಿದ್ದೇ ಮಾಡಿಸ್ಕೊಂಡ್ರಲ್ಲ."

"ಏನು ಗೊತ್ತಿದ್ದು?"

ಉಚ್ಚೆಂಗೆಮ್ಮ ಇಕ್ಕಳವನ್ನು ಕೆಳಗಿಟ್ಟಳು.

"ನಿಮಗ ಹೇಳಿಲ್ಲೇನ್ರಿ?"

"ಊತಕ್ಕೆ ಶಾಖ ಅಂದರು."

"ಶಾಖ ಅಲ್ಲ ತಾಯಿ. ಗರ್ಭದ ಬದಿಗೆ ಅಂಡ ಇರ್ತಾವಲ್ಲ, ಅವನ್ನ ಸುಡೂ ಕಿರಣ ಅದು. ಒಮ್ಮೆ ಸುಟ್ರ ಮುಟ್ಟಿಲ್ಲ, ಮಕ್ಕಳಿಲ್ಲ. ವಯಸ್ಸಾದೋರಿಗೆ ರಕ್ತ ನಿಲ್ಲಲಾರದಿದ್ರ ಕೊಡ್ತಿದ್ರು. ನಿಮ್ಮನ್ನ ನೋಡಿ ಡಾಕ್ಟರೇ ಹಿಂದ ಸರದ್ರು. ಹುಡುಗಿ ಸಣ್ಣಾಕಿ, ಆರು ತಿಂಗಳು ಔಷಧ ಕೊಟ್ಟು ನೋಡೂಣು, ಬಹಳ ಮಂದಿಗೆ ಕಡಿಮಿ ಆಗತೈತಿ ಅಂದ್ರು. ನಾ ಅಲ್ಲೇ ಹತ್ತಿ ಸುತ್ತತಿದ್ದೆ."

"ಅಪ್ಪ ಏನಂದರು?"

"ಯಾಕ ಬೇಕ್ರಿ ಈಗ ಅದು?"

"ಏನಂದರು?"

"ಆಕಿ ವಿಧವೆ, ಇನ್ನ ಅದರ ಅವಶ್ಯ ಇಲ್ಲ ಅಂದ್ರು. ಡಾಕ್ಟರು ಕಾಗದ ಕೊಟ್ರು. ಇಂಗ್ಲೀಷಿನಾಗ ಸಹಿ ಹಾಕಿದ್ರು. ಹುಡುಗಿಗೆ ತಿಳಿಸೀರೇನು ಅಂತ ಡಾಕ್ಟರು ಕೇಳಿದ್ರು. ಎಲ್ಲಾ ತಿಳಿಸೀನಿ, ಓದಿದ ಹುಡುಗಿ, ಒಪ್ಪ್ಯಾಳ ಅಂದ್ರು. ಬಿಸಿ ಇಲ್ಲಲ್ಲ ಅಂತ ನೀವು ಕೇಳಿದಾಗ, ದುಃಖಕ್ಕ ಹಂಗ ಮಾತಾಡ್ತಾರ ಅನ್ಕೊಂಡೆ."

ಹೊರಗಿಂದ ಯಾರೋ ಬಂದು ನೋವು ಶುರುವಾಗಿದೆ ಎಂದು ಕರೆದರು. ಉಚ್ಚೆಂಗೆಮ್ಮ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡಳು. ನನ್ನ ಕೈಗೆ ಮಜ್ಜಿಗೆಯ ಲೋಟ ಕೊಟ್ಟು, "ಇದನ್ನ ಕುಡದೇ ಹೋಗ್ರಿ, ಇಲ್ಲಾಂದ್ರ ನನಗ ಹೆರಿಗಿ ಮಾಡಾಕ ಕೈ ಓಡೂದಿಲ್ಲ" ಎಂದಳು. ಕುಡಿದೆ.

ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಅಳು ಬರಲಿಲ್ಲ. ಪಡಸಾಲೆಯಲ್ಲಿ ಅಪ್ಪ ಆಡಿದ ಮಾತು ಮಾತ್ರ ಮತ್ತೆ ಮತ್ತೆ ಬಂತು. ಕೇಳುವ ಅವಶ್ಯ ಇಲ್ಲ. ನಿಜ, ಅವರಿಗೆ ಇರಲಿಲ್ಲ. ನಾನು ಬಸುರಿಯಾಗಲಾರೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನೇ ನಂಬಿಕೆ ಎಂದು ಹೇಳಿದ್ದರು. ಕಂಬದ ಹಿಂದೆ ನಿಂತು ನಾನು ಅತ್ತಿದ್ದೆ. ನನ್ನ ಮೇಲೆ ಸಂಶಯಪಟ್ಟ ಅತ್ತೆಯಾದರೂ ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು.

ಮಾರನೆಯ ದಿನ ಭಾನುವಾರ. ಊಟವಾದ ಮೇಲೆ ಅಪ್ಪ ಕಟ್ಟೆಯ ಮೇಲೆ ಪತ್ರಿಕೆ ಹಿಡಿದು ಕೂತಿದ್ದರು. ಗದ್ದೆಯ ಕಡೆಯಿಂದ ಗಾಳಿ ಬರುತ್ತಿತ್ತು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ.

"ಕುರುಗೋಡಿಗೆ ಹೋಗಿದ್ದೆ. ಆ ಡಾಕ್ಟರರ ನರ್ಸ್ ಸಿಕ್ಕಿದ್ದಳು."

ಪತ್ರಿಕೆ ಕೆಳಗಿಳಿಯಲಿಲ್ಲ. ಆದರೆ ಅವರು ಓದುತ್ತಿರಲಿಲ್ಲ.

"ಔಷಧ ಕೊಟ್ಟು ನೋಡೋಣ ಅಂದಿದ್ದರಂತೆ ಅವರು."

"ರಕ್ತ ಹೋಗಿ ಹೋಗಿ ಬಿಳಿಚಿಕೊಂಡಿದ್ದಿ. ನಾ ನಿನ್ನ ಜೀವ ಉಳಿಸ್ಕೊಂಡೆ."

"ಔಷಧಕ್ಕೆ ಉಳಿಯುತ್ತಿರಲಿಲ್ಲವೆ?"

"ಯಾರಿಗೆ ಗೊತ್ತು?"

"ಆರು ತಿಂಗಳಲ್ಲಿ ಗೊತ್ತಾಗುತ್ತಿತ್ತು. ನನಗೆ ಯಾಕೆ ಹೇಳಲಿಲ್ಲ?"

ಆಗ ಪತ್ರಿಕೆ ಮಡಚಿದರು. ನಾಲ್ಕು ಮಡಿಕೆ, ಅಂಚಿಗೆ ಅಂಚು ಕೂಡಿಸಿ.

"ಹೇಳಿದ್ರ ನೀ ಒಪ್ಪತಿದ್ದೇನು? ತಲಿಯಾಗ ಕೂದಲು ಅವ, ಕಾಲಾಗ ಚಪ್ಪಲಿ ಅವ, ಬಸ್ಸಿನಾಗ ಒಬ್ಬಾಕಿ ಓಡಾಡ್ತಿ. ನಾ ಬ್ಯಾಡ ಅಂದೀನೇನು? ಊರಿಗೆಲ್ಲ ಎದಿ ಕೊಟ್ಟು ನಿಂತೆ. ಆದ್ರ ಒಂದು ಹೆಜ್ಜಿ ತಪ್ಪಿದ್ರ? ಹೊಟ್ಟಿ ಮುಂದ ಬಂದ್ರ? ಆಮ್ಯಾಲೆ ಈ ಊರಾಗ ಯಾವ ಹುಡುಗೀನ್ನ ಓದಸ್ತಾರ? ಎಲ್ಲಾರೂ ನಿನ್ನನ್ನ ತೋರಸ್ತಿದ್ರು. ಅದೊಂದು ಭಯ ಹೋಗಲಿ ಅಂತ ಮಾಡಿದೆ. ಅದು ಹೋದ ಮ್ಯಾಲೆ ನಾ ನಿನ್ನನ್ನ ಎಲ್ಲಿಗಾದ್ರೂ ತಡದೀನೇನು ನೋಡು."

ಅವರು ಹೇಳಿದ್ದು ಸರಿ. ಫೆಬ್ರವರಿಯ ನಂತರ ನಾನು ಎಲ್ಲಿಗೆ ಹೋದರೂ ಅವರು ಯಾವಾಗ ಬರುತ್ತೀಯ ಎಂದು ಕೇಳಿರಲಿಲ್ಲ. ಅದನ್ನೂ ನಾನು ನಂಬಿಕೆ ಎಂದುಕೊಂಡಿದ್ದೆ.

"ಪ್ರಾಣೇಶ ನಿಮಗೆ ಜೂನಿನಲ್ಲಿ ಬರೆದ. ಅವನಿಗೂ ಹೇಳಲಿಲ್ಲ."

"ಅವ ಹಿಂಗ ಕೇಳ್ತಾನ ಅಂತ ನನಗೇನು ಕನಸು ಬಿದ್ದಿತ್ತೇನು?" ಧ್ವನಿ ಮೊದಲ ಸಲ ಒಡೆಯಿತು. "ವಿಧವೆ ಮದುವಿ ಬಗ್ಗೆ ಮೂವತ್ತು ವರ್ಷ ಭಾಷಣ ಮಾಡೀನಿ. ಯಾರೂ ಬಂದು ಕೇಳಿರಲಿಲ್ಲ. ನನ್ನ ಮಗಳನ್ನೇ ಕೇಳ್ತಾರ ಅಂತ..."

ಮಡಚಿದ ಪತ್ರಿಕೆಯನ್ನು ಪಕ್ಕಕ್ಕಿಟ್ಟರು.

"ಅವನಿಗೆ ನಾನೇ ಹೇಳುತ್ತೇನೆ. ನಾಳೆ ಸೋಮವಾರ."

"ಏನೂ ಹೇಳಬ್ಯಾಡ. ಮದುವಿ ಆಗು. ಎಷ್ಟೋ ಮಂದಿಗೆ ಮಕ್ಕಳಾಗೂದಿಲ್ಲ. ದೇವರಿಚ್ಛೆ ಅಂತ ಸುಮ್ಮನಾಗ್ತಾರ."

"ಹೇಳುತ್ತೇನೆ."

ಅಪ್ಪ ಕಟ್ಟೆಯಿಂದ ಎದ್ದು ನಿಂತರು. ಭತ್ತದ ಚೀಲ ಹೇರಿದ ಬಂಡಿಯೊಂದು ಗಿರಣಿಯ ಕಡೆ ಹೋಯಿತು.

"ಅದರಾಗ ನನ್ನ ಹೆಸರು ಬರಬೇಕೇನು?" ಎಂದರು.

ನಾನು ಒಳಗೆ ಹೋಗಿ ಮಲಗಿದೆ. ಸಂಜೆಗೆ ಹೊಟ್ಟೆ ಕೆಟ್ಟಿತು. ನಾಲ್ಕು ದಿನ ಏಳಲಾಗಲಿಲ್ಲ. ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಅಪ್ಪ ಗಂಜಿ ಕಾಸಿ ತಂದರು, ಶಾಲೆಗೆ ರಜೆಯ ಚೀಟಿ ಬರೆದರು, ಅದನ್ನು ಅಂಚೆಗೆ ಹಾಕಲು ತಾವೇ ನಡೆದು ಹೋದರು. ಮುಂದಿನ ಭಾನುವಾರ ಬಸ್ಸು ಹತ್ತಿಸಲು ಬಂದು ಕಿಟಕಿಯಿಂದ ಒಂದು ನಿಂಬೆಹಣ್ಣು ಕೊಟ್ಟರು. ವಾಕರಿಕೆ ಬಂದರೆ ಮೂಸು ಎಂದರು. ತೆಗೆದುಕೊಂಡೆ. ಬೇಡ ಎನ್ನುವಷ್ಟು ಶಕ್ತಿ ಇರಲಿಲ್ಲ.

ಸೋಮವಾರ ಮೊದಲ ಪಾಠವಾದ ಮೇಲೆ ಪ್ರಾಣೇಶ ಶಿಕ್ಷಕರ ಕೋಣೆಯಲ್ಲಿದ್ದ. ಮುಖ್ಯೋಪಾಧ್ಯಾಯಿನಿ ನನ್ನ ಮುಖ ನೋಡಿ, ಹೆಣಿಗೆ ಎತ್ತಿಕೊಂಡು ಹೊರಗಿನ ಜಗಲಿಗೆ ಹೋಗಿ ಕೂತರು. ಬಾಗಿಲು ತೆರೆದೇ ಇತ್ತು.

"ನಿಮಗೆ ಒಂದು ವಿಷಯ ಹೇಳಬೇಕು," ಎಂದೆ.

"ಗೊತ್ತಾತು," ಎಂದ. ಮರ್ಯಾದೆಯಿಂದ, ಸ್ವಲ್ಪ ಬಾಗಿ. "ಮೇಷ್ಟ್ರ ಕಾಗದ ಬಂತು. ನನಗೇನೂ ಬ್ಯಾಸರ ಇಲ್ಲ. ನೀವು ಸಂಕೋಚ ಪಡಬ್ಯಾಡ್ರಿ."

ಜೇಬಿನಿಂದ ತೆಗೆದು ಕೊಟ್ಟ. ಅಪ್ಪನ ದುಂಡು ಅಕ್ಷರ. ನನ್ನ ಮಗಳಿಗೆ ಪುನರ್ವಿವಾಹದಲ್ಲಿ ಇಚ್ಛೆಯಿಲ್ಲ, ಗಂಡನ ನೆನಪಿನಲ್ಲೇ ಉಳಿಯುವುದಾಗಿ ಹೇಳಿದ್ದಾಳೆ, ನೀವು ಅವಳೊಡನೆ ಈ ಮಾತನ್ನು ಮತ್ತೆ ಎತ್ತದಿದ್ದರೆ ಉಪಕಾರ. ತಾರೀಕು ನೋಡಿದೆ. ನಾವು ಕಟ್ಟೆಯ ಮೇಲೆ ಮಾತಾಡಿದ ದಿನವೇ. ರಜೆಯ ಚೀಟಿಯ ಜೊತೆಗೆ ಇದೂ ಅಂಚೆಗೆ ಬಿದ್ದಿತ್ತು.

"ಇದು ನಾನು ಹೇಳಿದ್ದಲ್ಲ," ಎಂದೆ. "ಕೂತುಕೊಳ್ಳಿ. ನಾನು ಹೇಳಬೇಕಾದದ್ದು ಬೇರೆ."

ಹೇಳಿದೆ. ಶಾಖ ಎಂದದ್ದು, ಅದು ಶಾಖವಲ್ಲದ್ದು, ಅದರಿಂದ ಏನಾಗಿದೆ ಎಂಬುದು. ಅವನು ವಿಜ್ಞಾನದವನು, ಕಿರಣ ಎಂದೊಡನೆ ಅವನಿಗೆ ಅರ್ಥವಾಯಿತು. ತಲೆ ತಗ್ಗಿಸಿ ಮೇಜಿನ ಮೇಲಿನ ಸೀಮೆಸುಣ್ಣದ ಪುಡಿಯನ್ನು ಬೆರಳಿಂದ ಒಂದು ಕಡೆ ಕೂಡಿಸುತ್ತಿದ್ದ.

"ಡಾಕ್ಟರರ ಮ್ಯಾಲೆ ಕೇಸ್ ಹಾಕಬೇಕು," ಎಂದ.

"ಡಾಕ್ಟರರು ಬೇಡ ಎಂದಿದ್ದರು. ಸಹಿ ಮಾಡಿದ್ದು ಅಪ್ಪ."

ಪ್ರಾಣೇಶ ತಲೆ ಎತ್ತಿದ. ಅವನ ಮುಖದಲ್ಲಿ ಅದುವರೆಗೆ ಇದ್ದ ಮರುಕ 'ಅಪ್ಪ' ಎನ್ನುವ ಮಾತಿಗೆ ಆರಿಹೋಯಿತು.

"ಇರಲಿಕ್ಕಿಲ್ಲ," ಎಂದ.

"ಅವರೇ ಒಪ್ಪಿಕೊಂಡರು."

"ನೀವು ಮದರಾಸಿನ್ಯಾಗ ಇದ್ದಾಗ ಮೇಷ್ಟ್ರು ನನ್ನನ್ನ ಅವರ ಮನಿಯಾಗ ಇಟ್ಕೊಂಡು ಓದಿಸ್ಯಾರ. ನಮ್ಮ ಅಕ್ಕ ಗಂಡನ್ನ ಕಳಕೊಂಡಾಗ ಅವರೇ ಬಂದು ಜಗಳಾಡಿ ಸಾಲಿಗೆ ಸೇರಿಸಿದ್ರು. ಅವರು ಗೊತ್ತಿದ್ದು ಹಿಂಗ ಮಾಡ್ತಾರೇನು? ಡಾಕ್ಟರು ಸರಿಯಾಗಿ ಹೇಳಿರಲಿಕ್ಕಿಲ್ಲ. ಆ ನರ್ಸ್, ಆಕಿ ಎಷ್ಟು ಓದಿದಾಕಿ?"

"ನನ್ನ ಮುಂದೆ ಒಪ್ಪಿಕೊಂಡರು ಎಂದೆನಲ್ಲ."

"ನಿಮಗೂ ಮೈ ಸರಿ ಇರಲಿಲ್ಲ. ಅಂಥಾ ಹೊತ್ತಿನ್ಯಾಗ ಒಂದು ಮಾತು ಇನ್ನೊಂದಾಗಿ ಕೇಳಸ್ತದ." ಬಹಳ ಮೃದುವಾಗಿ ಹೇಳಿದ. "ನಾ ಮೇಷ್ಟ್ರಿಗೆ ಬರದು ಕೇಳ್ತೀನಿ. ಅವರು ಇಲ್ಲ ಅಂದ್ರ ನನಗ ಸಾಕು. ಮಕ್ಕಳ ವಿಷಯ ಆಮ್ಯಾಲೆ. ಅದು ದೊಡ್ಡದಲ್ಲ."

ಅದು ದೊಡ್ಡದಲ್ಲ ಎಂದ. ಆ ಮಾತನ್ನು ಬೇರೆ ಯಾವ ಹೊತ್ತಿನಲ್ಲಾದರೂ ಕೇಳಿದ್ದರೆ ನಾನು ಅವನ ಕಾಲಿಗೆ ಬೀಳುತ್ತಿದ್ದೆನೇನೋ. ಅಷ್ಟರಲ್ಲಿ ಎದೆಯಿಂದ ಬಿಸಿ ಎದ್ದಿತು. ಕುತ್ತಿಗೆ, ಕಿವಿ, ನೆತ್ತಿ. ಅವನು ನೋಡುತ್ತಿದ್ದ. ನಾನು ನಾಚಿಕೊಂಡೆ ಎಂದೋ, ಸುಳ್ಳು ಸಿಕ್ಕಿಬಿತ್ತು ಎಂದೋ, ಏನೆಂದುಕೊಂಡನೋ ತಿಳಿಯದು. ಕುರ್ಚಿಯಿಂದ ಎದ್ದು ನೀರಿನ ಹೂಜಿ ನನ್ನ ಕಡೆ ಸರಿಸಿದ.

"ಬರೆಯಬೇಡಿ," ಎಂದೆ.

"ಯಾಕ?"

"ಅವರು ಇಲ್ಲ ಅಂತಾರೆ. ನೀವು ನಂಬುತ್ತೀರಿ. ಆಮೇಲೆ ಇಬ್ಬರೂ ಸೇರಿ ನನ್ನ ಮೈ ಹೇಗಿದೆ ಎಂದು ವಿಚಾರಿಸುತ್ತೀರಿ."

ಅವನು ಏನೋ ಹೇಳಲು ಹೋದ.

"ಮದುವೆಗೆ ನನಗೆ ಒಪ್ಪಿಗೆ ಇಲ್ಲ," ಎಂದೆ.

ಮುಂದಿನ ಪಾಠದ ಗಂಟೆ ಹೊಡೆಯಿತು. ಅಪ್ಪನ ಕಾಗದವನ್ನು ಮಡಚಿ ಅವನಿಗೇ ಕೊಟ್ಟೆ. ಬರೆದ ದಿನ ಅದು ಸುಳ್ಳಾಗಿತ್ತು. ಈಗ ಅದರಲ್ಲಿ ತಿದ್ದುವಂಥದ್ದು ಏನೂ ಉಳಿದಿರಲಿಲ್ಲ. ಜಗಲಿಯಲ್ಲಿ ಮುಖ್ಯೋಪಾಧ್ಯಾಯಿನಿ ಹೆಣಿಗೆ ನಿಲ್ಲಿಸಿ ನನ್ನನ್ನು ನೋಡಿದರು. ನಾನು ಅವರನ್ನು ದಾಟಿ ತರಗತಿಗೆ ಹೋದೆ. ಹುಡುಗಿಯರು ಎದ್ದು ನಿಂತರು. ಕೂತುಕೊಳ್ಳಿ ಎಂದೆ.